ಕಾಲುವೆ ಏರಿ, ಗರಸು ರಸ್ತೆಗಳಿಗೆ ಕಡಿಮೆ ಖರ್ಚಿನ ಗ್ರಾವೆಲ್ ಸೈಕಲ್: ಹಣವನ್ನು ಮೊದಲು ಯಾವುದಕ್ಕೆ ಹಾಕಬೇಕು?

ಪ್ರಶ್ನೆ (ಕಾರಟಗಿಯಿಂದ)

ತುಂಗಭದ್ರಾ ಎಡದಂಡೆ ಕಾಲುವೆಯ ಏರಿ, ಸಿಂಧನೂರಿನ ಕಡೆಗೆ ಹೋಗುವ ಗರಸು ರಸ್ತೆಗಳು, ರಜೆಯ ದಿನಗಳಲ್ಲಿ ಗಂಗಾವತಿ ದಾಟಿ ಆನೆಗೊಂದಿ, ಸಾಣಾಪುರದವರೆಗಿನ ದಾರಿ: ನಾನು ಸೈಕಲ್ ತುಳಿಯುವುದು ಇಲ್ಲೆಲ್ಲ. ಅರ್ಧ ದಾರಿ ಡಾಂಬರು, ಉಳಿದರ್ಧ ಕಲ್ಲುಪುಡಿ ಮತ್ತು ಮಣ್ಣು. ಇದಕ್ಕೆ ಗ್ರಾವೆಲ್ ಸೈಕಲ್ಲೇ (ಡಾಂಬರು, ಮಣ್ಣು ಎರಡಕ್ಕೂ ಒಗ್ಗುವ, ಬಾಗಿದ ಹ್ಯಾಂಡಲ್ ಮತ್ತು ಅಗಲ ಟೈರಿನ ಸೈಕಲ್) ಸರಿ ಎಂದು ಎಲ್ಲರೂ ಹೇಳುತ್ತಾರೆ. ಹೊಸದನ್ನು ಕೊಳ್ಳುವಷ್ಟು ಹಣ ನನ್ನಲ್ಲಿಲ್ಲ. ಸುಮಾರು 25,000 ರೂಪಾಯಿ ಹೊಂದಿಸಬಲ್ಲೆ.

ನನ್ನ ಬಳಿ ಅಲ್ಯೂಮಿನಿಯಂ ಫ್ರೇಮಿನ ಹಳೆಯ ಹೈಬ್ರಿಡ್ (ನೇರ ಹ್ಯಾಂಡಲ್ಲಿನ, ಎಲ್ಲ ಬಗೆಯ ರಸ್ತೆಗೂ ಬಳಸುವ ಸೈಕಲ್) ಇದೆ. ಮುಂದೆ 48-38-28 ಹಲ್ಲುಗಳ ಮೂರು ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ), ಹಿಂದೆ 14-28ರ ಏಳು ಗೇರುಗಳ ಫ್ರೀವೀಲ್ (ಹಿಂಚಕ್ರಕ್ಕೆ ತಿರುಪಿ ಕೂರಿಸುವ ಹಲ್ಲುಚಕ್ರಗಳ ಗುಂಪು), ತಂತಿಯಿಂದ ಎಳೆಯುವ ಡಿಸ್ಕ್ ಬ್ರೇಕ್, 700×35 ಟೈರು (35 ಮಿ.ಮೀ. ಅಗಲ), ಮುಂದೆ ಅಗ್ಗದ ಸಸ್ಪೆನ್ಷನ್ ಫೋರ್ಕ್ (ಮುಂಚಕ್ರ ಹಿಡಿಯುವ, ಸ್ಪ್ರಿಂಗ್ ಇರುವ ಕವಲು). ಇದಕ್ಕೆ ಡ್ರಾಪ್ ಹ್ಯಾಂಡಲ್‌ಬಾರ್ (ರೇಸ್ ಸೈಕಲ್ಲಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್) ಹಾಕಿಸಿ ಮುಂದುವರಿಯಬಹುದೇ, ಅಥವಾ ಇದನ್ನು ಮಾರಿ ಬರಿಯ ಫ್ರೇಮ್ ಕೊಂಡು ಮೊದಲಿನಿಂದ ಕಟ್ಟುವುದು ಒಳ್ಳೆಯದೇ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ (ಸಂಡೂರಿನಿಂದ)

ಮಾರಬೇಡಿ. ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ಕಟ್ಟಿದ ಸೈಕಲ್ ಸಿದ್ಧ ಸೈಕಲ್ಲಿಗಿಂತ ಅಗ್ಗವಾಗುವುದು ಅಪರೂಪ. ಕೈಯಲ್ಲಿರುವ ಸೈಕಲ್ಲನ್ನು ತಿದ್ದಿಕೊಳ್ಳುವುದರಲ್ಲಿ ಮಾತ್ರ ನಿಜವಾದ ಉಳಿತಾಯವಿದೆ.

ನಿಮ್ಮ ಗೇರುಗಳನ್ನು ಮೊದಲು ಲೆಕ್ಕ ಹಾಕಿ ನೋಡೋಣ. ಮುಂದೆ 28, ಹಿಂದೆ 28 ಎಂದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಚಕ್ರವೂ ಒಂದೇ ಸುತ್ತು ತಿರುಗುತ್ತದೆ, ಸೈಕಲ್ ಸುಮಾರು 2.2 ಮೀಟರ್ ಸಾಗುತ್ತದೆ. ನಿಮ್ಮ ಕಡೆಯ ಏರುಗಳಿಗೆ ಇದು ಧಾರಾಳವಾಗಿ ಸಾಕು. ನಮ್ಮ ಸಂಡೂರಿನ ಗುಡ್ಡಗಳನ್ನೂ ತಾಳ್ಮೆಯಿಂದ ಹತ್ತಿಸುತ್ತದೆ. ಇನ್ನೊಂದು ತುದಿಯಲ್ಲಿ 48ಕ್ಕೆ 14 ಇದ್ದಾಗ, ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 36 ಕಿಲೋಮೀಟರ್ ವೇಗ ಬರುತ್ತದೆ. ಮಣ್ಣಿನ ದಾರಿಯಲ್ಲಿ ಇದಕ್ಕಿಂತ ಹೆಚ್ಚು ಯಾರಿಗೆ ಬೇಕು? ಮುಂದೆ ಒಂದೇ ಚೈನ್‌ರಿಂಗ್ ಇರಬೇಕೆಂಬ ಈಗಿನ ಒಲವು ಅನುಕೂಲದ್ದು ಹೌದು, ಆದರೆ ಅದಕ್ಕೆ ಕ್ರ್ಯಾಂಕ್ (ಪೆಡಲ್ ತೋಳು), ಕ್ಯಾಸೆಟ್ (ಹಬ್ ಮೇಲೆ ಜಾರಿಸಿ ಕೂರಿಸುವ ಹಿಂದಿನ ಹಲ್ಲುಚಕ್ರಗಳು), ಡಿರೇಲರ್ (ಚೈನ್ ಸರಿಸುವ ಭಾಗ), ಶಿಫ್ಟರ್ (ಗೇರ್ ಬದಲಿಸುವ ಹಿಡಿ) ಎಲ್ಲವನ್ನೂ ಬದಲಿಸಬೇಕಾಗುವುದರಿಂದ ನಿಮ್ಮ ಹಣದ ಬಹುಪಾಲು ಅಲ್ಲಿಯೇ ಮುಗಿದುಹೋಗುತ್ತದೆ.

ನಾನಾದರೆ ಹಿಂದಿನ ಚಕ್ರದ ಮೇಲೆ ಹಣ ಹಾಕುತ್ತೇನೆ. ಫ್ರೀವೀಲ್ ತಿರುಪಿ ಕೂರಿಸುವ ಹಬ್‌ನಲ್ಲಿ (ಚಕ್ರದ ನಡುವಿನ ಭಾಗದಲ್ಲಿ) ಬಲಗಡೆಯ ಬೇರಿಂಗು ಬಹಳ ಒಳಗಿರುತ್ತದೆ. ಅಲ್ಲಿಂದ ಫ್ರೇಮಿನವರೆಗಿನ ಅಚ್ಚಿಗೆ ಆಸರೆ ಇರುವುದಿಲ್ಲವಾದ್ದರಿಂದ, ಕುಣಿಗಳಲ್ಲಿ ಬಿದ್ದೆದ್ದು ಅದು ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ. ಕ್ಯಾಸೆಟ್ ಹಬ್‌ನಲ್ಲಿ ಆ ಬೇರಿಂಗು ಹೊರತುದಿಗೆ ಬಂದಿರುತ್ತದೆ. 135 ಮಿ.ಮೀ. ಅಗಲದ, ಡಿಸ್ಕ್ ಕೂರುವ ಕ್ಯಾಸೆಟ್ ಹಬ್‌ಗೆ ಎರಡು ಗೋಡೆಯ ರಿಮ್ ಹಾಕಿ 36 ಕಡ್ಡಿಗಳಿಂದ ಕಟ್ಟಿಸಿಕೊಳ್ಳಿ. ನುರಿತ ಮಿಸ್ತ್ರಿಯೊಬ್ಬರು ಕಡ್ಡಿಗಳ ಬಿಗಿತ ಸಮವಾಗುವಂತೆ ಕಟ್ಟಿಕೊಟ್ಟ ಚಕ್ರ ಯಾವ ದುಬಾರಿ ಹೆಸರಿಗೂ ಕಡಿಮೆಯಿಲ್ಲ.

ಉತ್ತರ (ಮಸ್ಕಿಯಿಂದ)

ಚಕ್ರದ ವಿಷಯದಲ್ಲಿ ಮೇಲಿನವರ ಮಾತನ್ನು ಒಪ್ಪುತ್ತೇನೆ. ಆದರೆ ನಮ್ಮ ಸೀಮೆಯಲ್ಲಿ ಅದಕ್ಕೂ ಮೊದಲು ಎರಡು ಸಂಗತಿಗಳನ್ನು ಗಮನಿಸಬೇಕು: ಬಳ್ಳಾರಿ ಜಾಲಿಯ ಮುಳ್ಳು ಮತ್ತು ಎರೆ ಮಣ್ಣು.

ಕಾಲುವೆ ಏರಿಯ ಎರಡೂ ಬದಿಗೆ ಜಾಲಿ ಬೆಳೆದಿರುತ್ತದೆ. ಕಡಿದು ಸಾಗಿಸಿದಲ್ಲೆಲ್ಲ ಒಣಮುಳ್ಳು ದಾರಿಗೆ ಉದುರಿರುತ್ತದೆ. ಈ ಮುಳ್ಳಿಗೆ ಟ್ಯೂಬ್‌ಲೆಸ್ (ಒಳಗೆ ಟ್ಯೂಬಿಲ್ಲದ) ಟೈರೇ ಉತ್ತಮ ಉತ್ತರವಾದರೂ, ಅಗ್ಗದ ಹೈಬ್ರಿಡ್‌ಗಳ ರಿಮ್ ಸಾಮಾನ್ಯವಾಗಿ ಅದಕ್ಕೆಂದು ಮಾಡಿದ್ದಲ್ಲ, ಟೇಪು ಸುತ್ತಿ ಒತ್ತಾಯದಿಂದ ಕೂರಿಸುವುದು ಅಪಾಯಕರ. ಹೊಸ ಚಕ್ರ ಕಟ್ಟಿಸುವುದೇ ಆದರೆ ಟ್ಯೂಬ್‌ಲೆಸ್‌ಗೆ ಒಪ್ಪುವ ರಿಮ್ ಕೇಳಿ ಕೊಳ್ಳಿ. ಅಲ್ಲಿಯವರೆಗೆ ಒಳತಿರುಳು ಬಿಚ್ಚಬಹುದಾದ ವಾಲ್ವಿನ ಟ್ಯೂಬು ಹಾಕಿ, ಅದರೊಳಗೆ ಸೀಲೆಂಟ್ (ತೂತನ್ನು ತಾನೇ ಮುಚ್ಚುವ ದ್ರವ) ತುಂಬಿಸಿ. ಮೋಟಾರು ಸೈಕಲ್ಲಿನಂಥ ದಪ್ಪ ವಾಲ್ವಿದ್ದರೆ ಯಾವ ಊರಿನ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ಆದರೆ ರಾಯಚೂರಿನ ಬೇಸಿಗೆಯಲ್ಲಿ ಸೀಲೆಂಟ್ ಬೇಗ ಒಣಗುವುದರಿಂದ, ಮಾರ್ಚ್ ತಿಂಗಳಿಂದ ಮಳೆ ಬರುವವರೆಗೆ ಆಗಾಗ ಪರೀಕ್ಷಿಸಿ ಮತ್ತೆ ತುಂಬಬೇಕಾಗುತ್ತದೆ. ಟ್ಯೂಬು ಬದಲಿಸುವಾಗ ಟೈರಿನ ಒಳಮೈಯನ್ನು ಹತ್ತಿಯಿಂದ ನಿಧಾನವಾಗಿ ಸವರಿ ನೋಡಿ. ಕಣ್ಣಿಗೆ ಕಾಣದ ಮುರಿದ ಮುಳ್ಳಿನ ತುದಿಗೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ.

ಇನ್ನು ಎರೆ ಮಣ್ಣು. ಒಂದು ಮಳೆಯಾದರೆ ಸಾಕು, ಅದು ಟೈರಿಗೆ ಅಂಟಿ, ಫೋರ್ಕ್‌ನಲ್ಲಿ ತುಂಬಿ, ಚಕ್ರ ತಿರುಗದಂತೆ ಮಾಡುತ್ತದೆ. ಫ್ರೇಮಿನಲ್ಲಿ 45 ಮಿ.ಮೀ. ಟೈರು ಹಿಡಿಸಿದರೂ 40ನ್ನೇ ಹಾಕಿ, ಎರಡೂ ಬದಿಗೆ ಖಾಲಿ ಜಾಗ ಉಳಿಯಲಿ. ಹಸಿ ಎರೆಯಲ್ಲಿ ಯಾವ ಟೈರೂ ನಡೆಯುವುದಿಲ್ಲ. ಅಂಥ ದಿನ ಗರಸು ಅಥವಾ ಡಾಂಬರಿನ ದಾರಿಯನ್ನೇ ಹಿಡಿಯಬೇಕು. ಒಣ ದಾರಿಯಲ್ಲಿ 70 ಕಿಲೋ ಆಸುಪಾಸಿನ ಸವಾರರಿಗೆ 40ರ ಟೈರಿನಲ್ಲಿ 40 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿಯಿಂದ ಆರಂಭಿಸಿ ಹೊಂದಿಸಿಕೊಳ್ಳಬಹುದು. ಗಾಳಿ ಕಡಿಮೆಯಾದಷ್ಟೂ ಕೈಗೆ ಬರುವ ಅದುರು ಕಡಿಮೆಯಾಗುತ್ತದೆ, ಆದರೆ ಟ್ಯೂಬು ಇರುವಾಗ ತೀರಾ ಇಳಿಸಿದರೆ ಕಲ್ಲಿನ ಅಂಚಿಗೆ ಬಡಿದು ಅದು ಎರಡು ಕಡೆ ಸೀಳುತ್ತದೆ.

ಉತ್ತರ (ಕೊಪ್ಪಳದಿಂದ)

ಡ್ರಾಪ್ ಹ್ಯಾಂಡಲ್‌ಬಾರಿನ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಅದನ್ನು ಬರೆಯುತ್ತೇನೆ, ಏಕೆಂದರೆ ಹಣ ಕೈತಪ್ಪಿ ಹೋಗುವುದು ಇಲ್ಲಿಯೇ. ನೇರ ಹ್ಯಾಂಡಲ್ಲಿನ ಹಿಡಿಕೆಯ ಭಾಗ 22.2 ಮಿ.ಮೀ. ದಪ್ಪ, ಡ್ರಾಪ್ ಬಾರಿನದು 23.8, ಆದ್ದರಿಂದ ಈಗಿರುವ ಬ್ರೇಕ್ ಲಿವರ್, ಶಿಫ್ಟರ್ ಎರಡೂ ಅದಕ್ಕೆ ಹಿಡಿಸುವುದಿಲ್ಲ. ರೋಡ್ ಸೈಕಲ್ಲಿನ ಲಿವರ್ ಹಾಕಿದರೆ ಅದು ಎಳೆಯುವ ತಂತಿಯ ಉದ್ದ ಕಡಿಮೆಯಾಗಿ, ನಿಮ್ಮ ಡಿಸ್ಕ್ ಕ್ಯಾಲಿಪರ್ (ಡಿಸ್ಕನ್ನು ಹಿಡಿಯುವ ಬ್ರೇಕಿನ ಭಾಗ) ಸರಿಯಾಗಿ ಕಚ್ಚುವುದಿಲ್ಲ. ಆಗ ರೋಡ್ ಲಿವರಿಗೆ ಹೊಂದುವ ಕ್ಯಾಲಿಪರ್‌ಗಳನ್ನೂ ಕೊಳ್ಳಬೇಕು. ಕ್ಯಾಲಿಪರ್ ಉಳಿಸಿಕೊಳ್ಳುವ ದಾರಿಯೆಂದರೆ ಹೆಚ್ಚು ತಂತಿ ಎಳೆಯುವ ಟೆಕ್ಟ್ರೋ ಆರ್‌ಎಲ್ 520 ಬಗೆಯ ಲಿವರ್ ಮತ್ತು ಬಾರಿನ ತುದಿಗೆ ಕೂರುವ ಶಿಫ್ಟರ್.

ಅಳತೆಯ ತೊಡಕು ಇದಕ್ಕಿಂತ ದೊಡ್ಡದು. ಡ್ರಾಪ್ ಬಾರಿನಲ್ಲಿ ಕೈ ಊರುವ ಜಾಗ ನೇರ ಹ್ಯಾಂಡಲ್ಲಿಗಿಂತ ಸುಮಾರು 10 ಸೆಂ.ಮೀ. ಮುಂದಕ್ಕೆ ಹೋಗುತ್ತದೆ. ಹೈಬ್ರಿಡ್‌ಗಳ ಫ್ರೇಮಿನ ಮೇಲಿನ ಕೊಳವೆ ಮೊದಲೇ ಉದ್ದ. ತೀರಾ ಗಿಡ್ಡ ಸ್ಟೆಮ್ (ಹ್ಯಾಂಡಲ್ಲನ್ನು ಫೋರ್ಕಿಗೆ ಜೋಡಿಸುವ ತುಂಡು) ಹಾಕಿದರೂ ಬೆನ್ನು ಚಾಚಿಕೊಂಡೇ ಕೂರಬೇಕಾಗುತ್ತದೆ, ಕುತ್ತಿಗೆ ನೋಯುತ್ತದೆ. ನಿಮ್ಮ ಫ್ರೇಮ್ ನಿಮ್ಮ ಎತ್ತರಕ್ಕಿಂತ ಒಂದು ಅಳತೆ ಚಿಕ್ಕದಾಗಿದ್ದರೆ ಮಾತ್ರ ಈ ಬದಲಾವಣೆ ಹೊಂದುತ್ತದೆ.

ನನ್ನ ಸಲಹೆ, ಹಿಂದಕ್ಕೆ ಬಾಗಿದ 22.2 ಮಿ.ಮೀ.ನ ಹ್ಯಾಂಡಲ್‌ಬಾರ್ ಹಾಕಿ. ಈಗಿನ ಲಿವರ್, ಶಿಫ್ಟರ್ ಹಾಗೆಯೇ ಕೂರುತ್ತವೆ, ಕೈ ಇಡಲು ಎರಡು ಮೂರು ಜಾಗ ಸಿಗುತ್ತದೆ. ಉಳಿದ ಹಣದಲ್ಲಿ ಸಸ್ಪೆನ್ಷನ್ ಫೋರ್ಕ್ ತೆಗೆದು ಉಕ್ಕಿನ ಗಟ್ಟಿ ಫೋರ್ಕ್ ಹಾಕಿಸಿ. ಮುಂಭಾಗ ಒಂದು ಕಿಲೋಗೂ ಹೆಚ್ಚು ಹಗುರವಾಗಬಹುದು.

ಪ್ರಶ್ನೆ ಕೇಳಿದವರು (ಕಾರಟಗಿಯಿಂದ)

ಎಲ್ಲರಿಗೂ ಧನ್ಯವಾದಗಳು. ಹಿಂದಿನ ಚಕ್ರ, 40ರ ಟೈರು, ಬಾಗಿದ ಹ್ಯಾಂಡಲ್, ಫೋರ್ಕ್ ಎಂಬ ಕ್ರಮದಲ್ಲಿ ಮುಂದುವರಿಯುತ್ತೇನೆ. ಗಟ್ಟಿ ಫೋರ್ಕ್ ಕೊಳ್ಳುವಾಗ ಯಾವ ಅಳತೆ ನೋಡಬೇಕು?

ಉತ್ತರ (ಕೊಪ್ಪಳದಿಂದ)

ಚಕ್ರದ ಅಚ್ಚಿನ ನಡುವಿನಿಂದ ಫೋರ್ಕಿನ ನೆತ್ತಿಯವರೆಗಿನ (ಎರಡು ಕಾಲುಗಳು ಕೂಡುವ ಜಾಗದ ಮೇಲ್ಭಾಗದವರೆಗಿನ) ಉದ್ದ ನೋಡಿ. ಈಗಿನ ಫೋರ್ಕನ್ನು ನೀವು ಸೀಟಿನ ಮೇಲೆ ಕುಳಿತಿರುವಾಗ ಬೇರೊಬ್ಬರಿಂದ ಅಳೆಸಿ, ಏಕೆಂದರೆ ನಿಮ್ಮ ಭಾರಕ್ಕೆ ಅದು ಕುಗ್ಗುತ್ತದೆ. ಹೊಸದು ಆ ಉದ್ದಕ್ಕೆ ಹತ್ತಿರವಿರಲಿ, 20 ಮಿ.ಮೀ. ಗಿಡ್ಡವಾದರೆ ಮುಂಭಾಗದ ಕೋನ ಸುಮಾರು 1 ಡಿಗ್ರಿ ಕಡಿದಾಗಿ, ಕಲ್ಲುಪುಡಿಯಲ್ಲಿ ಹ್ಯಾಂಡಲ್ ಚಂಚಲವಾಗುತ್ತದೆ, ಪೆಡಲ್ಲೂ ನೆಲಕ್ಕೆ ಹತ್ತಿರವಾಗುತ್ತದೆ. ಡಿಸ್ಕ್ ಕ್ಯಾಲಿಪರ್ ಕೂರಿಸುವ ಕಿವಿ ಇದೆಯೇ, ಫೋರ್ಕಿನ ಮೇಲ್ತುದಿಯ ಕೊಳವೆಯ ದಪ್ಪ ನಿಮ್ಮ ಹೆಡ್‌ಸೆಟ್ಟಿಗೆ (ಫ್ರೇಮಿನಲ್ಲಿ ಫೋರ್ಕ್ ತಿರುಗಲು ಇರುವ ಬೇರಿಂಗುಗಳಿಗೆ) ಹೊಂದುತ್ತದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ, ಮತ್ತು ಆ ಕೊಳವೆಯನ್ನು ಹ್ಯಾಂಡಲ್ಲಿನ ಎತ್ತರ ತೀರ್ಮಾನವಾಗುವವರೆಗೆ ಕತ್ತರಿಸಬೇಡಿ.