ಉಬುಂಟು 24.04ಕ್ಕೆ ಹೋದ ಮೇಲೆ ರೈಟ್ ಕ್ಲಿಕ್ ಮೆನುವಿನಲ್ಲಿ ‘ಪಿಡಿಎಫ್ ಮಾಡು’ ಕಾಣೆ

ಅಡಿಕೆಹಾಳೆ:
ಬದಿಯಡ್ಕದ ಹತ್ತಿರದವ ನಾನು. ಮನೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸಿನ ಬದಲು ಉಬುಂಟು 22.04 ಇತ್ತು. ಮಗಳ ಶಾಲೆಯಲ್ಲಿ ಅದೇ ಥರದ್ದು ಕಲಿಸುತ್ತಾರೆ ಅಂತ ನಾವೂ ಹಾಕಿಕೊಂಡದ್ದು. ಮೊನ್ನೆ ಭಾನುವಾರ ಮಳೆಗೆ ಸುಮ್ನೆ ಕೂತಿದ್ದಾಗ ಅಪ್‌ಗ್ರೇಡ್ ಮಾಡಬೇಕಾ ಅಂತ ಕೇಳಿತು, ಒತ್ತಿಬಿಟ್ಟೆ. ನಡುವೆ ಎರಡು ಸಲ ಕರೆಂಟ್ ಹೋಯಿತು, ಬ್ಯಾಟರಿ ಇದ್ದದ್ದರಿಂದ ಬಚಾವ್. 24.04 ಚೆನ್ನಾಗಿಯೇ ಬಂತು. ನನಗೆ ಬೇಕಾದ್ದು ಮಾತ್ರ ಹೋಯಿತು.

ಅಪ್ಪನ ಕಾಲದ ಯಕ್ಷಗಾನ ಪ್ರಸಂಗಗಳ ಕೈಬರಹದ ಪುಸ್ತಕ ಒಂದು ಪೆಟ್ಟಿಗೆ ತುಂಬ ಉಂಟು. ಗೆದ್ದಲು ತಿನ್ನುವ ಮೊದಲು ಎಲ್ಲ ಸ್ಕ್ಯಾನ್ ಮಾಡುತ್ತಿದ್ದೇನೆ. ಪುಟಗಳ ಚಿತ್ರವನ್ನೆಲ್ಲ ಫೈಲ್ ಮ್ಯಾನೇಜರಿನಲ್ಲಿ (ನಾಟಿಲಸ್ ಅಂತ ಅದರ ಹೆಸರು) ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್ ಕೊಟ್ಟರೆ ‘ಒಂದೇ ಪಿಡಿಎಫ್ ಮಾಡು’ ಅಂತ ಬರುತ್ತಿತ್ತು. ಅಕ್ಕನ ಮಗ ಪೈಥಾನ್ ಭಾಷೆಯಲ್ಲಿ ಬರೆದು, ಫೈಲ್ ಮ್ಯಾನೇಜರಿಗೆ ಸೇರಿಸಿ ಕೊಟ್ಟ ಎಕ್ಸ್‌ಟೆನ್ಶನ್ ಅದು. ಅವ ಈಗ ದುಬೈಯಲ್ಲಿ. ಫೋನ್ ಮಾಡಿದರೆ ‘ಮಾವ, ರಜೆಗೆ ಬಂದಾಗ ನೋಡುವ’ ಅಂತಾನೆ, ರಜೆ ಏಪ್ರಿಲಿನಲ್ಲಿ! ಪೇಟೆಯ ಒಂದು ಅಂಗಡಿಗೆ ಕೊಂಡುಹೋದೆ. ತೆರೆದು ಸಹ ನೋಡದೆ ‘ವಿಂಡೋಸ್ ಹಾಕಿ ಕೊಡ್ತೇವೆ, ನಾಳೆ ಬನ್ನಿ’ ಅಂದರು.

ಎಕ್ಸ್‌ಟೆನ್ಶನ್ನಿನ ಫೈಲ್ ಇದ್ದಲ್ಲೇ ಉಂಟು. ಹೋಮಿನ ಒಳಗೆ ಅಡಗಿರುವ ಚುಕ್ಕಿ-ಲೋಕಲ್ ಫೋಲ್ಡರ್, ಅದರಲ್ಲಿ ಶೇರ್, ಅದರಲ್ಲಿ ನಾಟಿಲಸ್-ಪೈಥಾನ್, ಅದರಲ್ಲಿ ಎಕ್ಸ್‌ಟೆನ್ಶನ್ಸ್. ಮತ್ತೆ ಯಾಕೆ ಕಾಣುವುದಿಲ್ಲ?

ಹೊಸಂಗಡಿ ಗೇಟ್:
ಪೈಥಾನ್3-ನಾಟಿಲಸ್ ಅಂತ ಒಂದು ಪ್ಯಾಕೇಜ್ ಉಂಟು, ಅದು ಉಳಿದಿದೆಯಾ ನೋಡಿ. ಅದಿಲ್ಲದಿದ್ದರೆ ಆ ಫೋಲ್ಡರಿನ ಕಡೆಗೆ ಫೈಲ್ ಮ್ಯಾನೇಜರ್ ತಲೆಯೇ ಹಾಕುವುದಿಲ್ಲ. ಆಪ್ಟ್‌ನಲ್ಲಿ (ಉಬುಂಟುವಿನ ಪ್ಯಾಕೇಜ್ ಹಾಕುವ ಕಮಾಂಡ್) ಪುನಃ ಹಾಕಿ. ಆಮೇಲೆ ಟರ್ಮಿನಲಿನಲ್ಲಿ ‘ನಾಟಿಲಸ್ -ಕ್ಯೂ’ ಕೊಡಿ (ಇಂಗ್ಲಿಷಿನಲ್ಲೇ ಟೈಪ್ ಮಾಡಿ ಮತ್ತೆ!). ಬರೀ ಕಿಟಕಿ ಮುಚ್ಚಿದರೆ ಸಾಲದು, ಅದು ಹಿಂದಿನಿಂದ ಓಡುತ್ತಲೇ ಇರಬಹುದು.

ಅಡಿಕೆಹಾಳೆ:
ಇರಲಿಲ್ಲ, ಹಾಕಿದೆ. ಕ್ಯೂ ಕೂಡ ಕೊಟ್ಟೆ. ಮೆನುವಿನಲ್ಲಿ ಈಗಲೂ ಇಲ್ಲ.

ಕಪ್ಪುಪರದೆ:
ಪ್ಯಾಕೇಜ್ ಹಾಕಿದರೆ ಅರ್ಧ ಕೆಲಸ ಆಯಿತು, ಅಷ್ಟೇ. ಮೂರು ಬೇರೆ ಬೇರೆ ತೊಂದರೆಗಳು ಒಂದರ ಹಿಂದೆ ಒಂದು ನಿಂತಿರುವ ಹಾಗೆ ಕಾಣುತ್ತದೆ. ಒಂದು ಸರಿ ಮಾಡಿದ ಮೇಲೆಯೇ ಇನ್ನೊಂದರ ಮುಖ ಕಾಣುವುದು.

22.04ರಲ್ಲಿ ಇದ್ದದ್ದು ನಾಟಿಲಸ್ 42. 24.04ರಲ್ಲಿರುವುದು 46. ನಡುವೆ 43ರಲ್ಲಿ ಇಡೀ ನಾಟಿಲಸ್ಸನ್ನು ಜಿಟಿಕೆ (ಕಿಟಕಿ, ಬಟನ್ ಎಲ್ಲ ಬಿಡಿಸುವ ಲೈಬ್ರರಿ) 3ರಿಂದ 4ಕ್ಕೆ ತಂದರು, ಎಕ್ಸ್‌ಟೆನ್ಶನ್‌ಗಳು ಮಾತಾಡುವ ಭಾಷೆಯೂ 3.0 ಹೋಗಿ 4.0 ಆಯಿತು. ನಿಮ್ಮ ಅಳಿಯ ಬರೆದದ್ದು ಹಳೆಯದಕ್ಕೆ. ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದರೆ ಮೇಲೆಯೇ ‘ರಿಕ್ವೈರ್ ವರ್ಶನ್’ ಅಂತ ಸಾಲು ಇರಬೇಕು. ಅಲ್ಲಿ ನಾಟಿಲಸ್ ಪಕ್ಕ 3.0 ಇದ್ದರೆ 4.0 ಮಾಡಿ. ಕೆಳಗೆ ‘ಗೆಟ್ ಫೈಲ್ ಐಟಮ್ಸ್’ ಅನ್ನುವ ಫಂಕ್ಷನ್ನಿಗೆ ಕಂಸದೊಳಗೆ ಸೆಲ್ಫ್, ವಿಂಡೋ, ಫೈಲ್ಸ್ ಅಂತ ಮೂರು ಕೊಟ್ಟಿರುತ್ತಾರೆ. ಹೊಸದರಲ್ಲಿ ವಿಂಡೋ ಕಳಿಸುವುದೇ ಇಲ್ಲ, ಆ ಒಂದು ಪದ ತೆಗೆಯಿರಿ. ಇಲ್ಲಿ ಎಲ್ಲರೂ ಮೋಸ ಹೋಗುತ್ತಾರೆ: ತೆಗೆಯಬೇಕಾದ್ದು ವಿಂಡೋ, ಆದರೆ ಎರರ್ ಹೇಳುವುದು ‘ಫೈಲ್ಸ್ ಸಿಗಲಿಲ್ಲ’ ಅಂತ. ಬಂದ ಎರಡನ್ನು ಸಾಲಾಗಿ ಮೊದಲ ಎರಡು ಜಾಗದಲ್ಲಿ ಕೂರಿಸಿ, ಕೊನೆಯವನಿಗೆ ಇಲ್ಲ ಅಂತ ದೂರುತ್ತದೆ, ಮದುವೆ ಪಂಕ್ತಿಯ ಹಾಗೆ.

ಕೆಲಸ ಮುಗಿದಾಗ ‘ಆಯಿತು’ ಅಂತ ಸಣ್ಣ ಡಬ್ಬಿ ಬರುತ್ತಿತ್ತಾ? ಬರುತ್ತಿದ್ದರೆ ಅದು ಜಿಟಿಕೆ 3ರದ್ದೇ ಆಗಿರುತ್ತದೆ. ಒಂದೇ ಪ್ರೊಗ್ರಾಮಿನೊಳಗೆ 3 ಮತ್ತು 4 ಜೊತೆಗೆ ಬಾಳುವುದಿಲ್ಲ, ಆ ಭಾಗ ಕಿತ್ತು ಹಾಕಿ.

ಇಷ್ಟು ಮಾಡಿ, ಕ್ಯೂ ಕೊಟ್ಟು, ಟರ್ಮಿನಲಿನಿಂದಲೇ ನಾಟಿಲಸ್ ಶುರು ಮಾಡಿ. ಬೈಗುಳವೆಲ್ಲ ಅಲ್ಲೇ ಬೀಳುತ್ತದೆ. ಎಂತ ಬಂತು ಅಂತ ಬರೆಯಿರಿ.

ಅಡಿಕೆಹಾಳೆ:
ಡಬ್ಬಿ ಬರುತ್ತಿತ್ತು, ಹೌದು. ಕಿತ್ತೆ. ಉಳಿದದ್ದೂ ಹೇಳಿದ ಹಾಗೆ ಮಾಡಿದೆ. ಈಗ ‘ಇಮೇಜ್ ಟು ಪಿಡಿಎಫ್ ಅನ್ನುವ ಮಾಡ್ಯೂಲ್ ಇಲ್ಲ’ ಅಂತ ಬರುತ್ತದೆ. ಅದು ಇತ್ತಲ್ಲ! ಪಿಪ್‌ನಲ್ಲಿ (ಪೈಥಾನ್ ಮಾಡ್ಯೂಲ್ ಹಾಕುವ ಕಮಾಂಡ್) ಹಾಕಲು ಹೋದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಅಂತ ಕೆಂಪು ಅಕ್ಷರದಲ್ಲಿ ಉದ್ದಕ್ಕೆ ಏನೋ ಬರೆದು ನಿಲ್ಲಿಸಿತು.

ಕಪ್ಪುಪರದೆ:
ಮೂರನೆಯದು ಅದೇ. ಮೊದಲು ನಿಮ್ಮಲ್ಲಿದ್ದದ್ದು ಪೈಥಾನ್ 3.10, ಈಗ 3.12. ಪಿಪ್‌ನಲ್ಲಿ ಹಾಕಿದ್ದೆಲ್ಲ 3.10ರ ಹೆಸರಿನ ಫೋಲ್ಡರಿನಲ್ಲಿ ಈಗಲೂ ಇದೆ, ಹೊಸ ಪೈಥಾನ್ ಅಲ್ಲಿ ಹುಡುಕುವುದಿಲ್ಲ. ಪಿಪ್ ಬೇಡ ಅಂದದ್ದು ಸರಿಯೇ. ‘ಬ್ರೇಕ್ ಸಿಸ್ಟಮ್ ಪ್ಯಾಕೇಜಸ್’ ಅಂತ ಸೇರಿಸಿ ನುಗ್ಗಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಆ ಹೆಸರು ಸುಮ್ನೆ ಇಟ್ಟದ್ದಲ್ಲ. ವರ್ಚುವಲ್ ಎನ್ವಿರಾನ್‌ಮೆಂಟ್ (ಮಾಡ್ಯೂಲುಗಳನ್ನು ಬೇರೆಯಾಗಿ ಇಡುವ ಜಾಗ) ಮಾಡಿದರೂ ಇಲ್ಲಿ ಪ್ರಯೋಜನ ಕಡಿಮೆ, ಎಕ್ಸ್‌ಟೆನ್ಶನ್ ಓಡುವುದು ನಾಟಿಲಸ್ಸಿನ ಹೊಟ್ಟೆಯೊಳಗೆ, ಸಿಸ್ಟಮ್ಮಿನ ಪೈಥಾನಿನಲ್ಲಿ. ಅದೇ ಮಾಡ್ಯೂಲ್ ಉಬುಂಟುವಿನ ಪ್ಯಾಕೇಜಾಗಿಯೂ ಸಿಗುತ್ತದೆ. ಆಪ್ಟ್‌ನಲ್ಲಿ ಹಾಕುವಾಗ ಹೆಸರಿನ ಮೊದಲಿಗೆ ‘ಪೈಥಾನ್3-’ ಸೇರಿಸಿ.

ಪೆರ್ಲದ ಮಾಷ್ಟ್ರು:
ನಡುವೆ ಬಾಯಿ ಹಾಕುತ್ತೇನೆ. ಇಷ್ಟು ಸಣ್ಣ ಕೆಲಸಕ್ಕೆ ಎಕ್ಸ್‌ಟೆನ್ಶನ್ ಯಾಕೆ ಮಾರಾಯ್ರೆ? ನಾಟಿಲಸ್ಸಿನಲ್ಲಿ ಸ್ಕ್ರಿಪ್ಟ್ಸ್ ಅಂತ ಇನ್ನೊಂದು ದಾರಿ ಉಂಟು. ನೀವು ಹೇಳಿದ ಅದೇ ಶೇರ್ ಫೋಲ್ಡರಿನಲ್ಲಿ ನಾಟಿಲಸ್, ಅದರೊಳಗೆ ಸ್ಕ್ರಿಪ್ಟ್ಸ್. ಅಲ್ಲಿ ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟ್ ಇಟ್ಟು ಓಡಿಸುವ ಅನುಮತಿ ಕೊಟ್ಟರೆ ರೈಟ್ ಕ್ಲಿಕ್ಕಿನ ಸ್ಕ್ರಿಪ್ಟ್ಸ್ ಅನ್ನುವಲ್ಲಿ ಬರುತ್ತದೆ. ಒಂದು ಕ್ಲಿಕ್ ಜಾಸ್ತಿ, ಆದರೆ ಜಿಟಿಕೆ 3, 4 ಅಂತ ಕಟ್ಟಿಕೊಂಡು ನಿಮಗೆ ಏನೂ ಆಗಬೇಕಾಗಿಲ್ಲ. ನಮ್ಮ ಶಾಲೆಯ ಲ್ಯಾಬಿನಲ್ಲಿ ನಾನು ಹಾಗೇ ಮಾಡಿದ್ದು. ಅಪ್‌ಗ್ರೇಡ್ ಆದರೂ ಕೈಕೊಟ್ಟಿಲ್ಲ.

ಕಪ್ಪುಪರದೆ:
ಮಾಷ್ಟ್ರು ಹೇಳಿದ್ದು ಸರಿ, ನಾನೂ ಮೊದಲೇ ಹೇಳಬೇಕಿತ್ತು. ಸೆಲೆಕ್ಟ್ ಮಾಡಿದ ಚಿತ್ರಗಳಿಗೆ ಮಾತ್ರ ಆ ಮೆನು ಬರಬೇಕು, ಬೇರೆ ಫೈಲಿಗೆ ಬರಬಾರದು ಅಂತಿದ್ದರೆ ಎಕ್ಸ್‌ಟೆನ್ಶನ್ನೇ ಬೇಕು. ಇಲ್ಲದಿದ್ದರೆ ಸ್ಕ್ರಿಪ್ಟ್ ಸಾಕು.

ಅಡಿಕೆಹಾಳೆ:
ಆಯಿತು ಆಯಿತು! ಆಪ್ಟ್‌ನಲ್ಲಿ ಹಾಕಿ ಕ್ಯೂ ಕೊಟ್ಟ ಮೇಲೆ ಮೆನು ಬಂತು. ಆದರೆ ಒಂದು ತಮಾಷೆ. ಮಾಷ್ಟ್ರು ಹೇಳಿದರಲ್ಲ ಅಂತ ಸ್ಕ್ರಿಪ್ಟನ್ನೂ ಬರೆದು ನೋಡಿದೆ, ಫೋಲ್ಡರಿನಲ್ಲಿದ್ದ ಚಿತ್ರಗಳನ್ನೆಲ್ಲ ಸಾರಾಸಗಟು ತೆಗೆದುಕೊಳ್ಳುವ ಹಾಗೆ. ಪಿಡಿಎಫ್‌ನಲ್ಲಿ ಒಂದನೇ ಪುಟ ಆದ ಕೂಡಲೇ ಹತ್ತನೆಯದು, ಹನ್ನೊಂದು, ಆಮೇಲೆ ಎರಡು. ಯುದ್ಧದಲ್ಲಿ ಸತ್ತ ರಾಕ್ಷಸ ಎರಡು ಪುಟ ಬಿಟ್ಟು ಪುನಃ ಒಡ್ಡೋಲಗ ಕೊಡುತ್ತಾನೆ.

ಪೆರ್ಲದ ಮಾಷ್ಟ್ರು:
ಹ್ಹಹ್ಹ, ಅದು ಅಕ್ಷರದ ಲೆಕ್ಕದಲ್ಲಿ ಜೋಡಿಸುವುದು, ಸಂಖ್ಯೆಯ ಲೆಕ್ಕ ಅದಕ್ಕೆ ಗೊತ್ತಿಲ್ಲ. ಸ್ಕ್ಯಾನ್ ಮಾಡುವಾಗಲೇ 01, 02 ಅಂತ ಹೆಸರು ಕೊಡಿ. ನೂರು ದಾಟುವ ಪುಸ್ತಕವಾದರೆ 001. ಈಗಾಗಲೇ ಮಾಡಿದ್ದಕ್ಕೆ ಸ್ಕ್ರಿಪ್ಟಿನಲ್ಲಿ ‘ಸಾರ್ಟ್ -ವಿ’ ಹಾಕಿ, ವಿ ದೊಡ್ಡಕ್ಷರ.

ಮತ್ತೆ, ಪ್ರಸಂಗ ಯಾವುದು? ಪುಟ ಸರಿಯಾದ ಮೇಲೆ ನನಗೂ ಒಂದು ಕಳಿಸಿ. ಮುಂದಿನ ತಿಂಗಳ ತಾಳಮದ್ದಳೆಗೆ ಪದ್ಯ ಹುಡುಕುತ್ತಿದ್ದೇವೆ.