ಬರುತ್ತಿತ್ತು, ಆಯಿತು, ಹೊರಡುತ್ತಿದ್ದೆ: ಕುಡ್ ಎಲ್ಲಿ, ವುಡ್ ಎಲ್ಲಿ?

ಪ್ರಶ್ನೆ: ಟೀಚರ್, ನಮಸ್ಕಾರ. ಕನ್ನಡ ಮಾಧ್ಯಮದಲ್ಲಿ ಓದಿ ಈಗ ಮಂಗಳೂರಿನ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ನಿನ್ನೆ ಜ್ಯೋತಿ ವೃತ್ತದಲ್ಲಿ ಓಡಿ ಹೋಗಿ ಬಸ್ ಹಿಡಿಯಲು ಆಯಿತು ಎನ್ನುವುದಕ್ಕೆ ‘ಐ ಕುಡ್ ಕ್ಯಾಚ್ ದ ಬಸ್’ ಎಂದೆ. ಸಹೋದ್ಯೋಗಿ ತಪ್ಪು ಎಂದರು, ಕಾರಣ ಹೇಳಲಿಲ್ಲ. ಕ್ಯಾನ್‌ನ ಭೂತಕಾಲ ಕುಡ್ ಅಲ್ಲವೇ?

ಉತ್ತರ: ಹೌದು, ಆದರೆ ಎಲ್ಲ ಕಡೆಯೂ ಅಲ್ಲ. ನಿಮ್ಮ ಕನ್ನಡ ವಾಕ್ಯವನ್ನೇ ಕೇಳಿ ನೋಡಿ. ‘ಚಿಕ್ಕಂದಿನಲ್ಲಿ ನನಗೆ ಈಜಲು ಬರುತ್ತಿತ್ತು’ ಎಂಬುದು ಆಗ ನಿಮ್ಮಲ್ಲಿದ್ದ ಸಾಮರ್ಥ್ಯ. ಅಲ್ಲಿ ‘ಐ ಕುಡ್ ಸ್ವಿಮ್’. ‘ಬಸ್ ಹಿಡಿಯಲು ಆಯಿತು’ ಎಂಬುದು ಒಂದು ಸಲ ನಡೆದು ಮುಗಿದ ಕೆಲಸ. ಅಲ್ಲಿ ‘ಐ ವಾಸ್ ಏಬಲ್ ಟು ಕ್ಯಾಚ್ ದ ಬಸ್’, ಅಥವಾ ನೇರವಾಗಿ ‘ಐ ಕಾಟ್ ದ ಬಸ್’. ಬಸ್ ತಪ್ಪಿದ್ದರೆ ಈ ತೊಡಕೇ ಇರುತ್ತಿರಲಿಲ್ಲ, ‘ಕುಡಂಟ್’ ಎರಡಕ್ಕೂ ಸಲ್ಲುತ್ತದೆ. ಕಾಣುವುದು, ಕೇಳಿಸುವುದು ಬಂದಾಗಲೂ ಕುಡ್ ಸರಿ. ಕಾಪು ದೀಪಸ್ತಂಭದ ಮೇಲಿನಿಂದ ದೋಣಿಗಳು ಕಂಡವು ಎನ್ನಲು ‘ಐ ಕುಡ್ ಸೀ ದ ಬೋಟ್ಸ್’ ಎನ್ನಬಹುದು.

ಪ್ರಶ್ನೆ (ಉಡುಪಿಯ ಇನ್ನೊಬ್ಬರು): ಟೀಚರ್, ನಮ್ಮ ಕಚೇರಿಯ ಪತ್ರಗಳಲ್ಲಿ ‘ವಿ ವುಡ್ ಬಿ ಕಮಿಂಗ್ ಆನ್ ಮಂಡೇ’ ಎಂದೇ ಬರೆಯುತ್ತೇವೆ. ವಿಲ್ ಒರಟಾಗಿ ಕೇಳಿಸುತ್ತದೆ ಎಂದು ಹಿರಿಯರು ಹೇಳುತ್ತಾರೆ.

ಉತ್ತರ: ವಿಲ್‌ನಲ್ಲಿ ಯಾವ ಒರಟುತನವೂ ಇಲ್ಲ. ಸೋಮವಾರ ಬರುವುದು ನಿಶ್ಚಯವಾಗಿದ್ದರೆ ವಿಲ್ ಎಂದೇ ಬರೆಯಿರಿ. ಅಲ್ಲಿ ವುಡ್ ಕಂಡವರು ‘ಬರುತ್ತಿದ್ದರಂತೆ, ಆದರೆ ಏನು ಅಡ್ಡಿ?’ ಎಂದು ಕಾಯುತ್ತಾರೆ. ಆದರೆ ‘ವುಡ್ ಯು ಸೆಂಡ್’ ಎಂದು ಕೇಳಿಕೊಳ್ಳುವಾಗ ವುಡ್ ವಿನಯ ತರುತ್ತದೆ.

‘ರೆ’ ಬಂದ ವಾಕ್ಯಗಳಲ್ಲಿಯೂ ಕೊನೆಯ ಕ್ರಿಯಾಪದವನ್ನೇ ನೋಡಿ. ಮಳೆ ನಿಂತರೆ ದೋಣಿ ಹೊರಡುತ್ತದೆ: ‘ಇಫ್ ದ ರೇನ್ ಸ್ಟಾಪ್ಸ್, ದ ಬೋಟ್ ವಿಲ್ ಲೀವ್’. ನನ್ನದೇ ದೋಣಿ ಇದ್ದಿದ್ದರೆ ಈಗಲೇ ಹೊರಡುತ್ತಿದ್ದೆ: ‘ಇಫ್ ಐ ಹ್ಯಾಡ್ ಎ ಬೋಟ್, ಐ ವುಡ್ ಲೀವ್ ನೌ’. ‘ಹೊರಡುತ್ತಿದ್ದೆ’ ಎಂಬ ರೂಪ ಕಂಡಲ್ಲಿ ವುಡ್, ಆದರೆ ಇಫ್‌ನ ಜೊತೆಗೆ ಅದನ್ನು ಸೇರಿಸಬೇಡಿ. ನಿನ್ನೆಯ ಮಾತಾದರೆ ‘ವುಡ್ ಹ್ಯಾವ್ ಲೆಫ್ಟ್’. ಅಜ್ಜಿ ದಿನವೂ ಕಥೆ ಹೇಳುತ್ತಿದ್ದರು ಎನ್ನುವಾಗ ಕನ್ನಡದಲ್ಲಿ ಅದೇ ರೂಪ ಬರುತ್ತದೆ, ಇಂಗ್ಲಿಷಿನಲ್ಲಿಯೂ ವುಡ್ ಬರುತ್ತದೆ. ಎರಡು ದೂರದ ಭಾಷೆಗಳು ಹೀಗೆ ಒಂದೇ ಜಾಡು ಹಿಡಿದಿರುವುದು ನನಗೆ ಇಂದಿಗೂ ಬೆರಗು.

ಪ್ರಶ್ನೆ (ಮೊದಲಿನವರು): ತರಬೇತಿ ಮುಗಿದ ಮೇಲೆ ಸ್ಕೂಟರ್ ಓಡಿಸಲು ಆಗುತ್ತದೆ ಎನ್ನಲು ‘ಐ ವಿಲ್ ಕ್ಯಾನ್’ ಎನ್ನಬಹುದೇ ಟೀಚರ್?

ಉತ್ತರ: ಅವೆರಡು ಒಟ್ಟಿಗೆ ನಿಲ್ಲುವುದಿಲ್ಲ. ಮುಂದೆ ಬರಲಿರುವ ಸಾಮರ್ಥ್ಯಕ್ಕೆ ‘ಐ ವಿಲ್ ಬಿ ಏಬಲ್ ಟು ರೈಡ್’. ನಾಳೆ ಬರಲು ಆಗುತ್ತದೆ ಎಂದು ಇವತ್ತೇ ಒಪ್ಪಿಕೊಳ್ಳುವಾಗ ‘ಐ ಕ್ಯಾನ್ ಕಮ್ ಟುಮಾರೋ’ ಸಾಕು.