ಪೂಜೆಯಲ್ಲಿ ಬಾರದ ಖುಷಿ ರೊಟ್ಟಿ ಬಡಿಯುವಾಗ ಬರುತ್ತದೆ, ಇದು ಸರಿಯಾ?

ರೊಟ್ಟಿ ಅಕ್ಕ, ದಾವಣಗೆರೆ:
ನಿಟುವಳ್ಳಿಯ ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಖಾನಾವಳಿಗೆ ಕೊಡುತ್ತೇನೆ. ಮದುವೆಗೆ ಮುಂಚಿನಿಂದಲೂ ಇಷ್ಟಲಿಂಗ ಪೂಜೆ ಬಿಟ್ಟವಳಲ್ಲ. ಮೊದಲೆಲ್ಲ ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡುತ್ತಾ ಕೂತರೆ ಮೈ ಜುಮ್ಮೆನ್ನುತ್ತಿತ್ತು, ಕಣ್ಣು ತುಂಬುತ್ತಿತ್ತು. ಈಗ ಸುಮ್ನೆ ಕೂತು ಎದ್ದು ಬರುತ್ತೇನೆ, ಅಷ್ಟೇ. ಆದರೆ ಹಿಟ್ಟು ಹದಕ್ಕೆ ಬಂದು, ರೊಟ್ಟಿ ಹಂಚಿನ ಮೇಲೆ ಉಬ್ಬಿದರೆ ಸಾಕು, ಎಂಥಾ ಖುಷಿ ಅಂತೀರಿ! ಅತ್ತೆಗೆ ಹೇಳಿದರೆ "ನಿನ್ನ ಭಕ್ತಿ ಕಮ್ಮಿಯಾಗಿದೆ" ಅಂದರು. ಹೌದಾ?

ಚಳ್ಳಕೆರೆ ಹುಡುಗ:
ಅಕ್ಕಾ, ಕಾಯಕವೇ ಕೈಲಾಸ. ಚಿಂತೆ ಬಿಡಿ.

ಹೊಳಲ್ಕೆರೆ ಮೇಷ್ಟ್ರು:
ಅಷ್ಟಕ್ಕೇ ಮುಗಿಸಿದರೆ ಹೇಗೆ ತಮ್ಮಾ? ಮೈ ಜುಮ್ಮೆನ್ನುವುದು ನಿಂತಿದ್ದಕ್ಕೆ ಅಕ್ಕನಿಗೆ ಕಳವಳ. ಬೌದ್ಧರು ಧ್ಯಾನಕ್ಕೆ 4 ಹಂತ ಹೇಳುತ್ತಾರೆ. ಮೊದಲ 2ರಲ್ಲಿ ಪೀತಿ ಇರುತ್ತದೆ, ಅಂದರೆ ನವಿರೇಳಿಸುವ ಹಿಗ್ಗು. 3ನೆಯದರಲ್ಲಿ ಅದು ಇಳಿದು ತಣ್ಣಗಿನ ಸುಖ ಉಳಿಯುತ್ತದೆ. 4ನೆಯದರಲ್ಲಿ ಆ ಸುಖವೂ ಇಲ್ಲ, ಮನಸ್ಸು ಸಮವಾಗಿರುತ್ತದೆ. ನೀವು ಆ ಹಂತ ಮುಟ್ಟಿದ್ದೀರಿ ಅಂತ ನಾನು ಸರ್ಟಿಫಿಕೇಟ್ ಕೊಡುತ್ತಿಲ್ಲ. ಬರೀ ಬೇಜಾರಿಗೂ ಖುಷಿ ಹೋಗುತ್ತದೆ, ಅಲ್ವಾ? ಹಿಗ್ಗು ಹೋದ ಮಾತ್ರಕ್ಕೆ ಭಕ್ತಿ ಹೋಯಿತು ಅನ್ನಲಾಗದು, ಅಷ್ಟೇ ನನ್ನ ಮಾತು.

ಇನ್ನು ರೊಟ್ಟಿಯ ಖುಷಿ. ಯೋಗಸೂತ್ರದ ಪತಂಜಲಿ ತನ್ನ 5 ನಿಯಮಗಳಲ್ಲಿ ಶೌಚ, ತಪಸ್ಸಿನ ಜೊತೆಗೇ ಸಂತೋಷವನ್ನೂ ಇಟ್ಟಿದ್ದಾನೆ. ಅದು ತಾನಾಗಿ ಬರಲಿ ಅಂತ ಕಾಯುವಂಥದ್ದಲ್ಲ, ದಿನಾ ರೂಢಿ ಮಾಡಬೇಕಾದದ್ದು. ಇದ್ದದ್ದರಲ್ಲಿ ತೃಪ್ತಿ. ಬಸವಣ್ಣನ ಕಾಲದ ಶರಣ ಆಯ್ದಕ್ಕಿ ಮಾರಯ್ಯ ಒಂದು ದಿನ ಅಕ್ಕಿ ಜಾಸ್ತಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ವಾಪಸ್ ಸುರಿದು ಬರಲು ಕಳಿಸಿದಳಲ್ಲ, ಅದೇ ಇದು. ಇದ್ದದ್ದು ಕಡುಬಡತನ, ಗೊತ್ತಲ್ಲ.

ದುರ್ಗದ ಸೊಸೆ:
ಸಾರ್ ಹೇಳಿದ್ದು ಸರಿ. ಆದರೂ ಒಂದು ಕೇಳುತ್ತೇನೆ ಅಕ್ಕಾ. ಖಾನಾವಳಿಯವರು ರೊಟ್ಟಿ ವಾಪಸ್ ಕಳಿಸಿದ ದಿನವೂ ಆ ಖುಷಿ ಇರುತ್ತಾ? ನಾನು ಹೊಲಿಗೆ ಮಾಡುತ್ತೇನೆ. ಗಿರಾಕಿ ಹೊಗಳಿದರೆ ಸ್ವರ್ಗ, ಬ್ಲೌಸ್ ಬಿಗಿ ಅಂದರೆ ಅವತ್ತು ಅಡುಗೆಯೂ ಕೆಡುತ್ತದೆ. ಇದನ್ನು ಕಾಯಕದ ಆನಂದ ಅನ್ನಲು ನನಗಂತೂ ನಾಚಿಕೆ.

ರೊಟ್ಟಿ ಅಕ್ಕ, ದಾವಣಗೆರೆ:
ವಾಪಸ್ ಬಂದ ದಿನ ಖುಷಿ ಎಲ್ಲಿಂದ ಬರಬೇಕು ತಂಗಿ, ಮೈಯೆಲ್ಲ ಉರಿಯುತ್ತದೆ. ಮಕ್ಕಳ ಮೇಲೂ ರೇಗುತ್ತೇನೆ. ಆದರೆ ನೀವು ಕೇಳಿದ ಮೇಲೆ ಯೋಚಿಸಿದೆ. ಮಾರನೇ ದಿನ ಪೂಜೆ ಮುಗಿಸಿ ಏಳುವಾಗ ಆ ಉರಿ ಇರುವುದಿಲ್ಲ. ಖಾನಾವಳಿಯವರಿಗೆ ಫೋನ್ ಮಾಡಿ ನೆಟ್ಟಗೇ ಮಾತಾಡುತ್ತೇನೆ. ಹಾಗಾದರೆ ಆ ಒಣ ಪೂಜೆಯೂ ಏನೋ ಮಾಡುತ್ತಿದೆ. ಬಿಡುವುದಿಲ್ಲ. ಅತ್ತೆ ಹತ್ತಿರ ಮಾತ್ರ ಈ ಪೀತಿ ಗೀತಿ ಅಂತ ಬಾಯಿ ಬಿಡುವುದಿಲ್ಲ ಮೇಷ್ಟ್ರೇ!